ಕರೆಯ ಲೆಕ್ಕ, ತಾಳ್ಮೆಯ ಬೆಲೆ

ಅವಿಭಜಿತ ದಕ್ಷಿಣ ಕನ್ನಡವನ್ನು ಬ್ಯಾಂಕುಗಳ ತವರೆಂದು ಕರೆಯುವ ರೂಢಿ ನಿರಾಧಾರವಾದುದಲ್ಲ. 1906ರಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಯವರು ಮಂಗಳೂರಿನಲ್ಲಿ ಸ್ಥಾಪಿಸಿದ ನಿಧಿಯೇ ಕಾಲಕ್ರಮದಲ್ಲಿ ಕೆನರಾ ಬ್ಯಾಂಕಾಯಿತು. 1924ರಲ್ಲಿ ಕರ್ಣಾಟಕ ಬ್ಯಾಂಕೂ 1931ರಲ್ಲಿ ವಿಜಯಾ ಬ್ಯಾಂಕೂ ಇದೇ ನಗರದಲ್ಲಿ ಜನ್ಮ ತಾಳಿದುವು. ಮುಂದೆ ಸಿಂಡಿಕೇಟ್ ಬ್ಯಾಂಕೆನಿಸಿದ ಉಡುಪಿಯ ಸಂಸ್ಥೆ 1928ರಲ್ಲಿ ಪಿಗ್ಮಿ ಠೇವಣಿಯನ್ನು ಆರಂಭಿಸಿ, ದಿನಕ್ಕೆರಡಾಣೆ ಉಳಿಸಬಲ್ಲವನ ಮನೆಬಾಗಿಲಿಗೂ ಏಜೆಂಟನನ್ನು ಕಳುಹಿಸಿತು. ಗ್ರಾಹಕನ ಮುಖವನ್ನೂ ಮನೆತನವನ್ನೂ ಬಲ್ಲ ಆ ಏಜೆಂಟ್ ಕರಾವಳಿಯಲ್ಲಿ ಇಂದಿಗೂ ಕಾಣಸಿಗುವನಾದರೂ, ಹಣಕಾಸು ಸಂಸ್ಥೆಯ ಪರವಾಗಿ ಹೆಚ್ಚು ಮಾತನಾಡುವವನು ಈಗ ಮುಖವನ್ನೇ ಕಾಣದ ಕಾಲ್ ಸೆಂಟರ್ ನೌಕರ. ಮಂಗಳೂರಿನ ಹಂಪನಕಟ್ಟೆಯ ಸುತ್ತಣ ಕಾಲೇಜುಗಳಲ್ಲಿ ಬಿ.ಕಾಂ. ಮುಗಿಸಿ, ಮನೆಯಲ್ಲಿ ತುಳುವನ್ನೋ ಕೊಂಕಣಿಯನ್ನೋ ಬ್ಯಾರಿಯನ್ನೋ ಆಡುತ್ತ, ಕನ್ನಡ, ಹಿಂದಿ, ಇಂಗ್ಲಿಷುಗಳನ್ನೂ ಬಲ್ಲ ತರುಣ ತರುಣಿಯರಿಗೆ ಈ ಉದ್ಯೋಗ ಸಹಜವಾಗಿಯೇ ಒಗ್ಗಿತು. ಈ ಶತಮಾನದ ಆದಿಯಲ್ಲಿ ಎಂಫಸಿಸ್‌ನಂತಹ ಸಂಸ್ಥೆಗಳು ಮಂಗಳೂರಿನಲ್ಲಿಯೇ ಬಿಪಿಒ ಘಟಕಗಳನ್ನು ತೆರೆದುವು.

ಕೆಲಸದ ಸ್ವರೂಪ ಹೀಗಿದೆ. ಹೆಡ್‌ಸೆಟ್ ಧರಿಸಿ ಲಾಗಿನ್ ಆದೊಡನೆ ಕರೆಗಳನ್ನು ಹಂಚುವುದು ಯಂತ್ರ. ಒಂದು ಮುಗಿಯುತ್ತಲೇ ಇನ್ನೊಂದು ಕಿವಿಗೆ ಬೀಳುತ್ತದೆ. ಕಾರ್ಡು ಕಳೆದುಕೊಂಡವನು, ಇಎಂಐ ಬೌನ್ಸಾಗಿ ದಂಡ ತೆತ್ತವನು, ವಂಚಕನಿಗೆ ಒಟಿಪಿ ಹೇಳಿ ಉಳಿತಾಯವೆಲ್ಲವನ್ನೂ ಕಳೆದುಕೊಂಡು ಕಂಪಿಸುವ ಧ್ವನಿಯಲ್ಲಿ ಮಾತನಾಡುವ ವೃದ್ಧೆ, ಇವರೆಲ್ಲರ ಗುರುತನ್ನು ಮೊದಲು ಪರಿಶೀಲಿಸಿ, ನಿಗದಿಯಾದ ಮಾತುಗಳನ್ನು ಬಿಡದೆ ಹೇಳಿ, ಸರಾಸರಿ ಇಷ್ಟೇ ನಿಮಿಷದೊಳಗೆ ಕರೆಯನ್ನು ಮುಗಿಸಬೇಕು. ದಂಡವನ್ನು ಮನ್ನಾ ಮಾಡುವ ಅಧಿಕಾರ ಪ್ರಾಯಶಃ ನೌಕರನಿಗಿಲ್ಲ. ಬೈಗುಳವನ್ನು ಕೇಳುವ ಕರ್ತವ್ಯ ಮಾತ್ರ ಉಂಟು. ಬ್ರೇಕಿನ ನಿಮಿಷಗಳಿಗೂ ಲೆಕ್ಕವಿದೆ. ಧ್ವನಿಮುದ್ರಿತ ಕರೆಗಳನ್ನು ಆಲಿಸಿ ಕ್ವಾಲಿಟಿ ವಿಭಾಗದವರು ಅಂಕ ಕೊಡುತ್ತಾರೆ.

ಈ ಒತ್ತಡಕ್ಕೆ ಟೀಮ್ ಲೀಡರನ ಸ್ವಭಾವವೊಂದೇ ಕಾರಣವೆಂದು ಭಾವಿಸುವುದು ಸರಿಯಲ್ಲ. ಅದರ ಮೂಲ ಗಣಿತದಲ್ಲಿದೆ. ಕೋಪನ್‌ಹೇಗನ್ ಟೆಲಿಫೋನ್ ಕಂಪನಿಯಲ್ಲಿದ್ದ ಡೆನ್ಮಾರ್ಕಿನ ಎ. ಕೆ. ಎರ್ಲಾಂಗ್, ಯಾವ ಕ್ಷಣದಲ್ಲಿ ಬರುವುದೆಂದು ತಿಳಿಯದ ಕರೆಗಳಿಗೆ ಎಷ್ಟು ಜನ ಬೇಕೆಂಬುದನ್ನು 1909ರಿಂದ ಮೊದಲ್ಗೊಂಡು ಲೆಕ್ಕ ಹಾಕಿ ತೋರಿಸಿದನು. ಒಬ್ಬನೇ ನೌಕರನಿದ್ದು, ಪ್ರತಿ ಕರೆಗೆ ಸರಾಸರಿ 4 ನಿಮಿಷ ಹಿಡಿಯುವುದಾದರೆ, ಅವನು ಶೇಕಡಾ 80ರಷ್ಟು ಹೊತ್ತು ಮಗ್ನನಾಗಿರುವಾಗ ಕರೆ ಮಾಡಿದವನು ಸರಾಸರಿ 16 ನಿಮಿಷ ಕಾಯುತ್ತಾನೆ. ಶೇಕಡಾ 90 ಆದಾಗ 36 ನಿಮಿಷ. ನೌಕರನ ಬಿಡುವು ಅರ್ಧಕ್ಕೆ ಇಳಿದರೆ ಗ್ರಾಹಕ ಕಾಯುವ ಹೊತ್ತು ಇಮ್ಮಡಿಗೂ ಮೀರುತ್ತದೆ. ಬಹುಸಂಖ್ಯೆಯ ನೌಕರರಿರುವಲ್ಲಿ ಈ ಅಂಕಿಗಳು ಸೌಮ್ಯವಾಗುತ್ತವೆಯಾದರೂ ನಿಯಮ ಅದೇ. ಶೇಕಡಾ 80 ಕರೆಗಳನ್ನು 20 ಸೆಕೆಂಡಿನೊಳಗೆ ಎತ್ತಬೇಕೆಂಬ ರೂಢಿಯ ಟಾರ್ಗೆಟ್ ಒಂದು ಕಡೆ, ವೇತನದ ಮಿತವ್ಯಯ ಇನ್ನೊಂದು ಕಡೆ ಎಳೆಯುತ್ತಿರಲಾಗಿ, ನಡುವೆ ಉಳಿಯುವುದು ಮಾತಿನ ಅವಧಿಯನ್ನು ಕುಗ್ಗಿಸುವ ದಾರಿಯೊಂದೇ.

ಕಾಲದಷ್ಟೇ ಭಾವವೂ ಇಲ್ಲಿ ಅಳತೆಗೆ ಒಳಪಟ್ಟಿದೆ. ಅಮೆರಿಕದ ಸಮಾಜಶಾಸ್ತ್ರಜ್ಞೆ ಆರ್ಲಿ ಹಾಕ್‌ಷೀಲ್ಡ್ 1983ರ ತಮ್ಮ ಗ್ರಂಥದಲ್ಲಿ, ವೇತನಕ್ಕಾಗಿ ನಗುವ ಗಗನಸಖಿಯರನ್ನೂ ವೇತನಕ್ಕಾಗಿ ಕಠಿನರಾಗುವ ಸಾಲವಸೂಲಿಗಾರರನ್ನೂ ಜೊತೆಯಾಗಿ ಅಧ್ಯಯನ ಮಾಡಿದರು. ಹಣಕಾಸು ಸಂಸ್ಥೆಯಲ್ಲಿ ಈ ಎರಡು ಮುಖಗಳೂ ಒಂದೇ ಸೂರಿನಡಿ ಇರಬಲ್ಲುವು. ಬಾಕಿಯ ವಸೂಲಿಗಾಗಿ ಬೆಳಿಗ್ಗೆ 8ಕ್ಕೆ ಮುನ್ನ, ಸಂಜೆ 7ರ ಅನಂತರ ಸಾಲಗಾರನಿಗೆ ಕರೆ ಮಾಡಕೂಡದೆಂದು ರಿಸರ್ವ್ ಬ್ಯಾಂಕು 2022ರಲ್ಲಿ ಆದೇಶಿಸಿ ಅವನಿಗೊಂದು ರಕ್ಷಣೆಯನ್ನಿತ್ತಿತು. ಕರೆ ಮಾಡುವವನ ಟಾರ್ಗೆಟ್ಟಿಗೆ ಮಾತ್ರ ಅಂತಹ ಎಲ್ಲೆಯಿಲ್ಲ.

ಆದರೆ ಎರ್ಲಾಂಗನ ಲೆಕ್ಕವೇ ಈ ಅವಸರದ ವಿರುದ್ಧವಾಗಿಯೂ ಸಾಕ್ಷಿ ನುಡಿಯುತ್ತದೆ. ಶೇಕಡಾ 80ರಷ್ಟು ಮಗ್ನನಾಗಿರುವ ನೌಕರ ಆತುರದಿಂದ ಮುಗಿಸಿದ ಎಂಟು ಕರೆಗಳಲ್ಲಿ ಒಂದು ಪರಿಹಾರ ಕಾಣದೆ ಮರಳಿ ಬಂದರೂ ಸಾಕು, ಅವನ ಹೊರೆ 90ಕ್ಕೆ ಏರುತ್ತದೆ. ವೃದ್ಧೆಯೊಡನೆ ಇನ್ನೆರಡು ನಿಮಿಷ ಮಾತನಾಡಿ, ಸೈಬರ್ ವಂಚನೆಯ ದೂರುಗಳಿಗಾಗಿರುವ 1930 ಸಹಾಯವಾಣಿಗೆ ಕೂಡಲೇ ದೂರು ಕೊಡುವಂತೆ ತಿಳಿಯಹೇಳಿದವನ ಸರಾಸರಿ ಕೆಡುವುದು ನಿಜ. ಆದರೆ ಆಕೆ ಅದೇ ಪ್ರಶ್ನೆಗಾಗಿ ಮತ್ತೆ ಸರದಿಯಲ್ಲಿ ನಿಲ್ಲುವುದಿಲ್ಲ. ಆದಕಾರಣ, ಕರೆ ಎಷ್ಟು ಬೇಗ ಮುಗಿಯಿತೆಂಬುದಕ್ಕಿಂತ ಮತ್ತೆ ಬಂದಿತೇ ಇಲ್ಲವೇ ಎಂಬುದನ್ನು ಅಳೆಯುವ ಸಂಸ್ಥೆ ದಯೆ ತೋರುತ್ತಿದೆಯೆಂದು ಹೇಳಬೇಕಾಗಿಲ್ಲ. ತನ್ನ ಲೆಕ್ಕವನ್ನು ಕೊನೆಯ ಸಾಲಿನವರೆಗೂ ಕೂಡುತ್ತಿದೆ, ಅಷ್ಟೆ.