ಅಪ್‌ಡೇಟ್ ಆಯಿತು, ವಿಡಿಯೋ ನಿಂತಿತು!

ಲಿನಕ್ಸ್ ಕಂಪ್ಯೂಟರ್ ಬಳಸುವವರಿಗೆ ಇದು ಹೊಸದೇನಲ್ಲ. ರಾತ್ರಿ ಅಪ್‌ಡೇಟ್ ಹಾಕಿ ಮಲಗುತ್ತೀರಿ. ಬೆಳಿಗ್ಗೆ ಊರಿನಿಂದ ಬಂದ ಮದುವೆ ವಿಡಿಯೋ ಹಾಕಿದರೆ ಓಲಗ ಕೇಳುತ್ತದೆ, ಪರದೆ ಮಾತ್ರ ಕಪ್ಪು! ಇಲ್ಲವೇ ಚಿತ್ರ ತಡವರಿಸುತ್ತದೆ, ಫ್ಯಾನ್ ಜೋರಾಗಿ ಸದ್ದು ಮಾಡುತ್ತದೆ. ಆಗ ಬೇಸತ್ತು ಎಲ್ಲ ಅಳಿಸಿ ಹೊಸದಾಗಿ ಇನ್‌ಸ್ಟಾಲ್ ಮಾಡುವವರಿದ್ದಾರೆ. ಬ್ಯಾಕಪ್ ಇಲ್ಲದಿದ್ದರೆ ಮಕ್ಕಳ ಫೋಟೋಗಳೂ ಅದರ ಜೊತೆಗೇ ಹೋದವು. ಅಷ್ಟು ಅವಸರ ಬೇಡ.

ಮೊದಲು ರೀಸ್ಟಾರ್ಟ್ ಮಾಡಿ. ನಗಬೇಡಿ! ಹೊಸ ಡ್ರೈವರ್‌ನ ಫೈಲುಗಳು ಡಿಸ್ಕಿಗೆ ಬಂದಿದ್ದರೂ ಮೆಮೊರಿಯಲ್ಲಿ ಹಳೆಯದೇ ಓಡುತ್ತಿರುತ್ತದೆ. ಎರಡಕ್ಕೂ ಹೊಂದಿಕೆಯಾಗದೆ ಚಿತ್ರ ಕೈಕೊಡುತ್ತದೆ.

ಆಮೇಲೂ ಹಾಗೇ ಇದ್ದರೆ ವಿಎಲ್‌ಸಿಯ ಪ್ರಿಫರೆನ್ಸಸ್‌ನಲ್ಲಿ ಇನ್‌ಪುಟ್-ಕೋಡೆಕ್ಸ್ ವಿಭಾಗಕ್ಕೆ ಹೋಗಿ, ಹಾರ್ಡ್‌ವೇರ್ ಡಿಕೋಡಿಂಗ್ ಅನ್ನು 'ಡಿಸೇಬಲ್' ಮಾಡಿ ನೋಡಿ. ಈಗ ಚಿತ್ರ ಬಂತೇ? ಹಾಗಾದರೆ ವಿಡಿಯೋ ಫೈಲ್ ಸರಿಯಿದೆ, ತೊಂದರೆ ಗ್ರಾಫಿಕ್ಸ್ ಕಡೆಯದು. ಸದ್ಯಕ್ಕೆ ಪ್ರೊಸೆಸರ್ ಮೇಲೆ ಭಾರ ಹಾಕಿ ಮದುವೆ ನೋಡಿ ಮುಗಿಸಬಹುದು.

ಹೆಚ್ಚು ಕಾಡುವುದು ಎನ್‌ವಿಡಿಯಾ. ಕರ್ನೆಲ್ ಬದಲಾದಾಗಲೆಲ್ಲ ಅದರ ಡ್ರೈವರ್‌ಗೂ ಹೊಸ ಕರ್ನೆಲ್‌ಗೆ ಹೊಂದುವ ಮಾಡ್ಯೂಲ್ ಬೇಕು. ಅನೇಕ ಕಡೆ ಈ ಕೆಲಸ ಮಾಡುವುದು ಡಿಕೆಎಂಎಸ್. ಕರ್ನೆಲ್ ಹೆಡರ್ಸ್ ಪ್ಯಾಕೇಜ್ ಇಲ್ಲದಿದ್ದರೆ ಅದು ಕೈಚೆಲ್ಲುತ್ತದೆ. ಪರೀಕ್ಷೆ ಸುಲಭ: ಬೂಟ್ ಆಗುವಾಗ ಗ್ರಬ್ ಮೆನುವಿನ 'ಅಡ್ವಾನ್ಸ್ಡ್ ಆಪ್ಷನ್ಸ್'ನಲ್ಲಿ ಹಳೆಯ ಕರ್ನೆಲ್ ಆರಿಸಿ. ಅದರಲ್ಲಿ ವಿಡಿಯೋ ಓಡಿದರೆ ರೋಗ ಸಿಕ್ಕಿತು. ಹೆಡರ್ಸ್ ಹಾಕಿ, ಡ್ರೈವರ್ ಮತ್ತೆ ಇನ್‌ಸ್ಟಾಲ್ ಮಾಡಿ.

ಸೆಕ್ಯೂರ್ ಬೂಟ್ ಇದ್ದರೆ ಇನ್ನೊಂದು ತೊಡಕು. ಸಹಿಯಿಲ್ಲದ ಮಾಡ್ಯೂಲ್ ಅನ್ನು ಅದು ಒಳಗೆ ಬಿಡುವುದಿಲ್ಲ. ಉಬುಂಟುವಿನಲ್ಲಿ ಡಿಕೆಎಂಎಸ್ ಇದಕ್ಕಾಗಿಯೇ ಒಂದು ಪಾಸ್‌ವರ್ಡ್ ಕೇಳುತ್ತದೆ, ಮುಂದಿನ ಬೂಟ್‌ನಲ್ಲಿ ನೀಲಿ ಪರದೆ ಬರುತ್ತದೆ. ವೈರಸ್ಸೇ ಬಂತೆಂದು ಹೆದರಿ 'ಕಂಟಿನ್ಯೂ' ಒತ್ತಿದರೆ ಕೆಲಸ ಕೆಟ್ಟಿತು. 'ಎನ್‌ರೋಲ್ ಎಂಒಕೆ' ಆರಿಸಿ ಅದೇ ಪಾಸ್‌ವರ್ಡ್ ಕೊಡಬೇಕು.

ಕಾರ್ಡ್ ಹಳೆಯದಾದರೆ ಗಮನಿಸಿ: ಜಿಟಿಎಕ್ಸ್ 900 ಮತ್ತು 1000 ಸರಣಿಗಳಿಗೆ 580 ಸರಣಿಯ ಡ್ರೈವರೇ ಕೊನೆಯದು. ಅದಕ್ಕಿಂತ ಹೊಸದು ಆ ಕಾರ್ಡುಗಳನ್ನು ಗುರುತಿಸುವುದಿಲ್ಲ.

ಎಎಂಡಿ ಇರುವ ಫೆಡೋರಾ ಬಳಕೆದಾರರ ಕಥೆ ಬೇರೆ. ಪೇಟೆಂಟ್ ಕಾರಣಕ್ಕೆ 2022ರಲ್ಲಿ ಫೆಡೋರಾ ತನ್ನ ಮೆಸಾ ಪ್ಯಾಕೇಜಿನಿಂದ ಎಚ್.264, ಎಚ್.265 ಹಾರ್ಡ್‌ವೇರ್ ಡಿಕೋಡಿಂಗ್ ತೆಗೆಯಿತು. ಅದನ್ನು ಆರ್‌ಪಿಎಂ ಫ್ಯೂಷನ್‌ನಿಂದ ತರಬೇಕು. ಎರಡರ ಆವೃತ್ತಿಯೂ ಒಂದೇ ಇರಬೇಕು. ಒಂದು ಬಂದು ಇನ್ನೊಂದು ಬಾರದಿದ್ದರೆ ಒತ್ತಾಯದಿಂದ ಅಪ್‌ಡೇಟ್ ಮಾಡದೆ ಎರಡು ದಿನ ಕಾಯಿರಿ.