ಕಟ್ಟೇಲಿ ಎಷ್ಟಡಿ ಐತೆ?

ಕೊಡಗಿನಲ್ಲಿ ಮಳೆ ಹಿಡಿಯಿತೆಂದರೆ ಪಾಂಡವಪುರ ಸೀಮೆಯ ಟೀ ಅಂಗಡಿಗಳಲ್ಲಿ ಯೋಗಕ್ಷೇಮದ ಮಾತೇ ಬದಲಾಗುತ್ತದೆ: "ಕಟ್ಟೇಲಿ ಎಷ್ಟಡಿ ಐತಂತೆ?"

ನಮ್ಮ ತಾತ ಪೇಪರ್ ಬಂದೊಡನೆ ಹುಡುಕುತ್ತಿದ್ದದ್ದು ಮೂಲೆಯ ಪುಟ್ಟ ಚೌಕವನ್ನು. ಕೆಆರ್‌ಎಸ್ ಗರಿಷ್ಠ ಮಟ್ಟ 124.80 ಅಡಿ, ಇಂದಿನ ಮಟ್ಟ, ಒಳಹರಿವು, ಹೊರಹರಿವು. ಕನ್ನಡಕ ಸಿಗದಿದ್ದರೆ ನನ್ನನ್ನು ಕೂಗುತ್ತಿದ್ದರು. "ನೂರು ದಾಟೈತಾ ನೋಡ್ಲಾ ಮಗ." ದಾಟಿದ್ದರೆ ಭತ್ತದ ಒಟ್ಲು ಬಿಡುವ ಮಾತು, ಇಲ್ಲವಾದರೆ ರಾಗಿಯ ಮಾತು. ಮನೆಯ ವರ್ಷದ ಊಟ ಆ ಚೌಕದಲ್ಲಿತ್ತು.

ಅಂಕಿಯ ಬೆನ್ನು ಹತ್ತಿ ಕೆ.ಆರ್. ಪೇಟೆ ತಾಲ್ಲೂಕಿನ ಅಕ್ಕಿಹೆಬ್ಬಾಳಿಗೆ ಹೋದೆ. ಕನ್ನಂಬಾಡಿ ಕಟ್ಟೆ, ಅಂದರೆ ಕೆಆರ್‌ಎಸ್ ಸೇರುವ ಮುಂಚೆ ಹೇಮಾವತಿಯನ್ನು ಕೇಂದ್ರ ಜಲ ಆಯೋಗ ಅಳೆಯುವುದು ಇಲ್ಲಿ. ಮಟ್ಟ ತಿಳಿಯಲು ಗುರುತು ಹಾಕಿದ ಗೇಜು ಸಾಕು, ನೋಡಿ ಬರೆದುಕೊಂಡರಾಯಿತು. ಹರಿವು ಹಾಗಲ್ಲ. ಹೊಳೆಯ ಅಗಲವನ್ನು ಪಟ್ಟಿಪಟ್ಟಿಯಾಗಿ ಭಾಗ ಮಾಡಿ, ಪ್ರತಿ ಪಟ್ಟಿಯ ಆಳ ನೋಡಿ, ತಿರುಗುವ ಬಟ್ಟಲುಗಳ ಕರೆಂಟ್ ಮೀಟರನ್ನು ನೀರಿಗಿಳಿಸುತ್ತಾರೆ. ಮೇಲಿನಿಂದ ಆಳದ ಹತ್ತರಲ್ಲಿ ಆರು ಪಾಲಿನಷ್ಟು ಕೆಳಗೆ ಸಿಗುವ ವೇಗವೇ ಆ ಪಟ್ಟಿಯ ಸರಾಸರಿ ಎಂದು ಲೆಕ್ಕ. ವಿಸ್ತೀರ್ಣಕ್ಕೆ ವೇಗ ಗುಣಿಸಿ, ಎಲ್ಲ ಪಟ್ಟಿಗಳನ್ನೂ ಕೂಡಿದರೆ ಕ್ಯೂಸೆಕ್. ಒಂದು ಕ್ಯೂಸೆಕ್ ಅಂದರೆ ಸೆಕೆಂಡಿಗೆ ಸುಮಾರು 28 ಲೀಟರ್. 11,574 ಕ್ಯೂಸೆಕ್ ಒಂದು ದಿನ ಪೂರ್ತಿ ಹರಿದರೆ ಒಂದು ಟಿಎಂಸಿ. ಪ್ರವಾಹ ಬಂದು ಮರಳು ಸರಿದರೆ ಹಳೆಯ ಲೆಕ್ಕ ಸುಳ್ಳಾಗುತ್ತದೆ, ಮತ್ತೆ ಅಳೆಯಬೇಕು.

ಕನ್ನಂಬಾಡಿಯ ಕೆಲಸ ಶುರುವಾದದ್ದು 1911ರಲ್ಲಿ. 1924ರಲ್ಲಿ ಮದ್ರಾಸಿನೊಡನೆ ಕಾವೇರಿ ನೀರಿನ ಒಪ್ಪಂದವಾಯಿತು. 2018ರ ಸುಪ್ರೀಂ ಕೋರ್ಟ್ ತೀರ್ಪಿನಂತೆ ಸಾಮಾನ್ಯ ವರ್ಷದಲ್ಲಿ ಬಿಳಿಗುಂಡ್ಲುವಿನ ಮಾಪನದಲ್ಲಿ 177.25 ಟಿಎಂಸಿ ತಮಿಳುನಾಡಿಗೆ ದಾಟಬೇಕು. 2023ರಲ್ಲಿ ಕಟ್ಟೆ ತುಂಬಲೇ ಇಲ್ಲ. 2025ರಲ್ಲಿ ಜೂನ್ ಮುಗಿಯುವುದರೊಳಗೆ ಬಾಗಿನ ಬಿಟ್ಟರು. ಎರಡು ರಾಜ್ಯಗಳ ಜಗಳಕ್ಕೂ ಸಾಕ್ಷಿ ಹೇಳುವುದು ಇಂಥ ಗೇಜುಗಳೇ.

ಆದರೆ ನಮ್ಮ ಊರ ಹೊಳೆ ಲೋಕಪಾವನಿ. ನಾಗಮಂಗಲದ ಕಡೆ ಹುಟ್ಟಿ, ಪಾಂಡವಪುರ ದಾಟಿ, ಶ್ರೀರಂಗಪಟ್ಟಣದ ಹತ್ತಿರ ಕರೀಘಟ್ಟದ ಬುಡದಲ್ಲಿ ಕಾವೇರಿಗೆ ಸೇರುತ್ತದೆ. ಪೇಪರಿನ ಚೌಕದಲ್ಲಿ ಅದಕ್ಕೆ ಜಾಗವಿಲ್ಲ. ಸೇತುವೆಯ ಕಂಬಕ್ಕೆ ಅಡಿಗಳ ಗುರುತು ಬಳಿಯಲು ಒಂದು ಡಬ್ಬಿ ಬಣ್ಣ ಸಾಕು, ದಿನಾ ಬರೆದಿಡಲು ಪಕ್ಕದ ಶಾಲೆಯ ಮಕ್ಕಳು ಸಾಕು.

ನಮ್ಮಜ್ಜಿಗೆ ಬಟ್ಟೆ ಒಗೆಯುವ ಕಲ್ಲೇ ಗೇಜಾಗಿತ್ತು. "ಕಲ್ಲು ಮುಳುಗ್ತು" ಅಂದರೆ ಅವತ್ತು ದನಗಳನ್ನು ಆಚೆ ದಡಕ್ಕೆ ಹೊಡೆಯುವಂತಿರಲಿಲ್ಲ. ಮೊನ್ನೆ ಹೋದಾಗ ಕಲ್ಲು ಅಲ್ಲೇ ಇತ್ತು. ಸುತ್ತ ಜೊಂಡು ಬೆಳೆದಿತ್ತು, ಕಲ್ಲು ಒಣಗಿತ್ತು.