ಒಂಟೆಗಳೆಷ್ಟು, ಕಪಿಗಳೆಷ್ಟು?

ಹತ್ತನೆಯ ತರಗತಿಯ ಮಕ್ಕಳಿರುವ ಮನೆಗಳಲ್ಲಿ ಸಂಜೆಯ ಹೊತ್ತು ಕಾಣುವ ನೋಟವೊಂದಿದೆ. ‘ಅಪವರ್ತಿಸಿ’ ಎಂದು ಕೊಟ್ಟ ಹತ್ತು ಲೆಕ್ಕಗಳನ್ನು ಮಗಳು ಸರಸರನೆ ಮಾಡಿ ಮುಗಿಸುತ್ತಾಳೆ. ಹನ್ನೊಂದನೆಯದು ಮಾತಿನಲ್ಲಿ ಹೇಳಿದ ಲೆಕ್ಕ. ಅಲ್ಲಿ ಪೆನ್ನು ನಿಂತುಬಿಡುತ್ತದೆ. ‘ಅಪ್ಪಾ, ಇದಕ್ಕೆ ಯಾವ ಸೂತ್ರ ಹಾಕಬೇಕು?’ ಅಪ್ಪನಿಗೆ ನೆನಪಿದ್ದರೆ ತಾನೇ ಬಿಡಿಸಿಕೊಡುತ್ತಾನೆ. ಇಲ್ಲದಿದ್ದರೆ ‘ನಾಳೆ ಮೇಷ್ಟರನ್ನು ಕೇಳು’ ಎನ್ನುತ್ತಾನೆ. ಎರಡರಿಂದಲೂ ಮಗಳಿಗೆ ದಕ್ಕಬೇಕಾದದ್ದು ದಕ್ಕುವುದಿಲ್ಲ. ಹೀಗೆ ಸಿಕ್ಕಿಬಿದ್ದ ಮಕ್ಕಳೇ ಮುಂದೆ ‘ನನಗೆ ಲೆಕ್ಕ ಬರುವುದಿಲ್ಲ’ ಎಂದು ಕೈಚೆಲ್ಲಿ, ಗಣಿತ ಬೇಕಾದ ಓದಿನ ದಾರಿಯನ್ನೇ ಬಿಟ್ಟುಬಿಡುತ್ತಾರೆ. ಬಾರದೆ ಹೋದದ್ದು ಲೆಕ್ಕವೋ, ಲೆಕ್ಕದ ಮಾತೋ ಎಂದು ಯಾರೂ ವಿಚಾರಿಸಿರುವುದಿಲ್ಲ.

ಮಾತಿನ ಲೆಕ್ಕ ಪಠ್ಯಪುಸ್ತಕದವರು ಕೊನೆಯಲ್ಲಿ ಅಂಟಿಸಿದ ಬಾಲವಲ್ಲ. ಬೀಜಗಣಿತ ಬೆಳೆದದ್ದೇ ಮಾತಿನಲ್ಲಿ. ಒಂಬತ್ತನೆಯ ಶತಮಾನದಲ್ಲಿ ಬಾಗ್ದಾದಿನ ಅಲ್ ಖ್ವಾರಿಜ್ಮಿ ಬರೆದ ಗ್ರಂಥದಿಂದ ‘ಆಲ್ಜಿಬ್ರಾ’ ಎಂಬ ಹೆಸರು ಬಂತು. ಆ ಗ್ರಂಥದಲ್ಲಿ ಚಿಹ್ನೆಗಳೇ ಇಲ್ಲ, ಎಲ್ಲವೂ ವಾಕ್ಯಗಳು. ಅದೇ ಶತಮಾನದಲ್ಲಿ, ಸುಮಾರು 850ರಲ್ಲಿ, ಮಹಾವೀರಾಚಾರ್ಯ ‘ಗಣಿತಸಾರಸಂಗ್ರಹ’ವನ್ನು ಸಂಸ್ಕೃತದಲ್ಲಿ ರಚಿಸಿದ. ಮಳಖೇಡದಿಂದ ಆಳಿದ ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನನ್ನು ಅದರ ಆರಂಭದಲ್ಲಿ ಸ್ತುತಿಸಿದ್ದಾನೆ. ಸಾವಿರಕ್ಕೂ ಹೆಚ್ಚು ಪದ್ಯಗಳಿರುವ ಈ ಗ್ರಂಥದಲ್ಲಿ ಸೂತ್ರಗಳ ಜೊತೆಜೊತೆಗೇ ಹಣ್ಣು, ಹೂವು, ಆನೆ, ದುಂಬಿಗಳ ಲೆಕ್ಕಗಳಿವೆ. ಹನ್ನೆರಡನೆಯ ಶತಮಾನದ ರಾಜಾದಿತ್ಯನಂತೂ ‘ವ್ಯವಹಾರಗಣಿತ’ವನ್ನು ಕನ್ನಡದಲ್ಲಿಯೇ ಬರೆದ. ಲೆಕ್ಕ ಕಲಿಯುವವನಿಗೆ ಅದರ ಮಾತು ಮೊದಲು ಅರ್ಥವಾಗಬೇಕು ಎಂಬುದು ಇವರಿಗೆ ಗೊತ್ತಿತ್ತು.

ಮಹಾವೀರನ ಒಂದು ಲೆಕ್ಕವನ್ನೇ ನೋಡೋಣ. ಒಂದು ಒಂಟೆಯ ಹಿಂಡಿನ ಕಾಲುಭಾಗ ಕಾಡಿನಲ್ಲಿ ಕಂಡಿತು. ಹಿಂಡಿನ ವರ್ಗಮೂಲದ ಎರಡರಷ್ಟು ಬೆಟ್ಟದ ತಪ್ಪಲಿಗೆ ಹೋಗಿದ್ದವು. ಹದಿನೈದು ಒಂಟೆಗಳು ಹೊಳೆಯ ದಡದಲ್ಲಿ ಉಳಿದಿದ್ದವು. ಹಿಂಡಿನಲ್ಲಿ ಒಟ್ಟು ಎಷ್ಟು?

ಇಲ್ಲಿ ಸೂತ್ರವನ್ನು ಹುಡುಕುವ ಮೊದಲು ಕಥೆಯನ್ನು ಹಿಡಿಯಬೇಕು. ಒಂಟೆಗಳು ಮೂರು ಕಡೆ ಇವೆ: ಕಾಡು, ಬೆಟ್ಟ, ಹೊಳೆ. ಮೂರನ್ನೂ ಕೂಡಿದರೆ ಇಡೀ ಹಿಂಡು. ಸಮೀಕರಣ ಎಂದರೆ ಇಷ್ಟೇ. ಇನ್ನು ತಿಳಿಯದ ಸಂಖ್ಯೆಗೆ ಒಂದು ಹೆಸರಿಡಬೇಕು. ನಮ್ಮ ಹಿಂದಿನವರು ಅದನ್ನು ‘ಯಾವತ್ತಾವತ್’, ಅಂದರೆ ‘ಎಷ್ಟೋ ಅಷ್ಟು’, ಎಂದು ಕರೆದು, ಚಿಕ್ಕದಾಗಿ ‘ಯಾ’ ಎಂದು ಬರೆಯುತ್ತಿದ್ದರು. ಇಂದಿನ ಶಾಲೆಯ ‘ಎಕ್ಸ್’ ಮಾಡುವ ಕೆಲಸವೂ ಅದೇ. ಲೆಕ್ಕದಲ್ಲಿ ವರ್ಗಮೂಲದ ಮಾತಿರುವುದರಿಂದ ವರ್ಗಮೂಲವನ್ನೇ ‘ಯಾ’ ಎನ್ನೋಣ; ಆಗ ಹಿಂಡು ಯಾ².

ಕಥೆ ಈಗ ಹೀಗಾಗುತ್ತದೆ: ಯಾ² = ಯಾ²/4 + 2ಯಾ + 15. ಭಿನ್ನರಾಶಿ ಹೋಗಲು ಎಲ್ಲವನ್ನೂ 4ರಿಂದ ಗುಣಿಸಿ, ಎಲ್ಲವನ್ನೂ ಒಂದೇ ಬದಿಗೆ ತಂದರೆ 3ಯಾ² − 8ಯಾ − 60 = 0. ಇಲ್ಲಿಂದ ಮುಂದೆ ಮಗಳಿಗೆ ಗೊತ್ತಿರುವ ದಾರಿಯೇ. ಮೊದಲ ಮತ್ತು ಕೊನೆಯ ಸಂಖ್ಯೆಗಳ ಗುಣಲಬ್ಧ −180. ಗುಣಿಸಿದರೆ −180, ಕೂಡಿದರೆ −8 ಬರುವ ಜೋಡಿ −18 ಮತ್ತು 10. ನಡುವಿನ ಪದವನ್ನು ಹಾಗೆ ಒಡೆದರೆ (ಯಾ − 6)(3ಯಾ + 10) = 0.

ಒಂದು ಬದಿಯಲ್ಲಿ ಸೊನ್ನೆಯನ್ನೇ ಉಳಿಸಿಕೊಳ್ಳುವುದು ಏಕೆ? ಎರಡು ಸಂಖ್ಯೆಗಳ ಗುಣಲಬ್ಧ 12 ಎಂದರೆ ಅವು ಯಾವುವೆಂದು ಹೇಳಲಾಗದು. 3 ಮತ್ತು 4 ಇರಬಹುದು, 2 ಮತ್ತು 6 ಇರಬಹುದು. ಆದರೆ ಗುಣಲಬ್ಧ ಸೊನ್ನೆಯಾದರೆ ಎರಡರಲ್ಲಿ ಒಂದಾದರೂ ಸೊನ್ನೆಯಾಗಿರಲೇಬೇಕು. ಅಪವರ್ತನದ ಬಲವೆಲ್ಲ ಇರುವುದು ಈ ಒಂದು ಮಾತಿನಲ್ಲಿ. ಹಾಗಾಗಿ ಯಾ 6 ಆಗಬೇಕು, ಅಥವಾ ಋಣ 10/3. ಒಂಟೆಯ ಲೆಕ್ಕಕ್ಕೆ ಎರಡನೆಯದು ಸಲ್ಲದು. ಹಿಂಡಿನಲ್ಲಿ 36 ಒಂಟೆಗಳು: ಕಾಡಿನಲ್ಲಿ 9, ಬೆಟ್ಟದಲ್ಲಿ 12, ಹೊಳೆಯ ದಡದಲ್ಲಿ 15.

ಅಪವರ್ತನ ಎಲ್ಲ ಸಮೀಕರಣಗಳಿಗೂ ಸಲೀಸಾಗಿ ಒದಗುವುದಿಲ್ಲ ಎಂಬುದನ್ನೂ ಹೇಳಬೇಕು. ಹಿಂದಿನ ಗಣಿತಜ್ಞರು ಎಡಬದಿಯನ್ನು ಪೂರ್ಣ ವರ್ಗವಾಗಿಸಿ ಮೂಲ ತೆಗೆಯುತ್ತಿದ್ದರು. ಶ್ರೀಧರಾಚಾರ್ಯ ಇದಕ್ಕೆ ಕೊಟ್ಟ ಚೊಕ್ಕ ವಿಧಾನವನ್ನು ಭಾಸ್ಕರಾಚಾರ್ಯ ಉಳಿಸಿಕೊಟ್ಟಿದ್ದಾನೆ. ಇಂದು ಮಕ್ಕಳು ಬಾಯಿಪಾಠ ಮಾಡುವ ಸೂತ್ರದಲ್ಲಿರುವುದೂ ಆ ಉಪಾಯವೇ.

1114ರಲ್ಲಿ ಹುಟ್ಟಿದ ಇದೇ ಭಾಸ್ಕರ ತನ್ನ ‘ಬೀಜಗಣಿತ’ದಲ್ಲಿ ಕಪಿಗಳ ಎರಡು ಲೆಕ್ಕಗಳನ್ನು ಕೊಟ್ಟಿದ್ದಾನೆ. ಮೊದಲನೆಯದರಲ್ಲಿ ಹಿಂಡಿನ ಎಂಟನೆಯ ಒಂದು ಪಾಲಿನ ವರ್ಗದಷ್ಟು ಕಪಿಗಳು ಕಾಡಿನಲ್ಲಿ ಆಡುತ್ತಿವೆ, ಉಳಿದ 12 ಬೆಟ್ಟದ ಮೇಲಿವೆ. ಉತ್ತರ 48 ಆಗಬಹುದು, 16 ಕೂಡ ಆಗಬಹುದು; ಎರಡೂ ಕಥೆಗೆ ಒಪ್ಪುತ್ತವೆ. ಎರಡನೆಯದರಲ್ಲಿ ಹಿಂಡಿನ ಐದನೆಯ ಒಂದು ಪಾಲಿನಿಂದ 3 ಕಳೆದು ವರ್ಗಮಾಡಿದಷ್ಟು ಕಪಿಗಳು ಗುಹೆ ಸೇರಿವೆ, ಒಂದು ಮಾತ್ರ ಕೊಂಬೆಯ ಮೇಲೆ ಕಾಣುತ್ತಿದೆ. ಸಮೀಕರಣ 50 ಮತ್ತು 5 ಎಂಬ ಎರಡು ಉತ್ತರ ಕೊಡುತ್ತದೆ. ಆದರೆ 5ರ ಐದನೆಯ ಪಾಲು 1. ಅದರಿಂದ 3 ಕಪಿಗಳನ್ನು ಕಳೆಯುವುದು ಹೇಗೆ? ಅಂಥ ಋಣರಾಶಿಯನ್ನು ಜನ ಒಪ್ಪುವುದಿಲ್ಲವೆಂದು ಭಾಸ್ಕರ 5ನ್ನು ಬಿಟ್ಟ. ಯಾವ ಉತ್ತರ ಉಳಿಯಬೇಕೆಂಬುದನ್ನು ಸಮೀಕರಣ ಹೇಳುವುದಿಲ್ಲ, ಕಥೆ ಹೇಳುತ್ತದೆ.

ಮನೆಯಲ್ಲಿ ಸಹಾಯ ಮಾಡಬೇಕೆನ್ನುವವರಿಗೆ ಸೂತ್ರ ನೆನಪಿರಬೇಕಾಗಿಲ್ಲ ಎಂಬುದು ಇದರಿಂದ ಸ್ಪಷ್ಟ. ಮೂರು ಪ್ರಶ್ನೆ ಕೇಳಿದರೆ ಸಾಕು. ‘ಪುಸ್ತಕ ಮುಚ್ಚಿ, ಲೆಕ್ಕದಲ್ಲಿ ಏನಾಯಿತೆಂದು ನಿನ್ನ ಮಾತಿನಲ್ಲಿ ಹೇಳು.’ ‘ಯಾವುದಕ್ಕೆ ಯಾವುದು ಸಮ?’ ಲೆಕ್ಕ ಮುಗಿದ ಮೇಲೆ, ‘ಈ ಉತ್ತರವನ್ನು ಕಥೆಗೆ ಹಾಕಿ ನೋಡಿದೆಯಾ?’ ನಡುವಿನ ಅಪವರ್ತನವನ್ನು ಮಗಳೇ ಮಾಡಿಕೊಳ್ಳುತ್ತಾಳೆ. ಅದು ಅವಳಿಗೆ ಮೊದಲೇ ಬರುತ್ತಿತ್ತು. ಉತ್ತರಕ್ಕೆ ಅವಸರಪಡದೆ ಪಕ್ಕದಲ್ಲಿ ಕುಳಿತು ಕೇಳುವ ತಾಳ್ಮೆ ಅಪ್ಪನಿಗಿದ್ದರೆ ಆಯಿತು.